ಅರಸನ ಹೆಸರಿದ್ದ ಜಾಗ

"ಅರಸನ ಹೆಸರನ್ನು ಮಾತ್ರ ಮುಟ್ಟಬೇಡಿ, ಗಿರಿಧರ್ ಸಾನ್," ಎಂದಿದ್ದರು ಮುದಿ ಮೇಲ್ವಿಚಾರಕ ಮೊರಿತಾ. ಗಿರಿಧರ್ ನಕ್ಕುಬಿಟ್ಟಿದ್ದ.

ಜಪಾನಿನ ಮಿನಾಟೋದ ಆ ಪುಟ್ಟ ಖಾಸಗಿ ಸಂಗ್ರಹಾಲಯದ ಗಾಜಿನೊಳಗೆ ಅಶ್ಶೂರದ ಅರಸ ಸನ್ಹೇರೀಬನ ಮಣ್ಣಿನ ಶಾಸನದ ತುಣುಕಿತ್ತು. ಯೆರೂಸಲೇಮಿನ ದೊರೆ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದು ಅದರಲ್ಲಿ ಅರಸನ ಜಂಬ. ಊರು ದಕ್ಕದೆ ಮರಳಿದ್ದನ್ನೂ ಹೆತ್ತ ಮಕ್ಕಳ ಕತ್ತಿಗೇ ಬಲಿಯಾದದ್ದನ್ನೂ ಬರೆದಿಟ್ಟದ್ದು ಬೈಬಲು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಬರೆದಿಡುತ್ತಾರೆ ಎನ್ನುತ್ತಿದ್ದರು ಮೊರಿತಾ.

ಶಾಸನದ ವಿವರ ತೋರಿಸುವ ಪರದೆಗೆ ಗಿರಿಧರ್ ತಂತ್ರಾಂಶ ಸಿದ್ಧಪಡಿಸುತ್ತಿದ್ದ. ಪರೀಕ್ಷೆಗೆಂದು ಸಿಕ್ಕ ಖಾನೆಯಲ್ಲೆಲ್ಲ ತನ್ನ ಹೆಸರು ತುಂಬುವುದು ಅವನ ಕಸುಬಿನ ಚಾಳಿ. ಆ ಮಧ್ಯಾಹ್ನ ಅರಸನ ಹೆಸರು ಅಳಿಸಿ ತನ್ನದನ್ನು ಹಾಕಿದ.

ಮೊರಿತಾ ಬಿಳಿಚಿಕೊಂಡರು. "ಶಾಸನದ ಕೊನೆಯ ಸಾಲು ಓದಿ: 'ನನ್ನ ಹೆಸರಳಿಸಿ ತನ್ನದನ್ನು ಬರೆದವನ ಹೆಸರೂ ಸಂತಾನವೂ ಅಳಿಯಲಿ.'"

"ನಮ್ಮೂರಿನ ಕಲ್ಲಲ್ಲೂ ಇಂಥ ಶಾಪ ಇದೆ. ದತ್ತಿ ಕಿತ್ಕೊಂಡವರು ಅರವತ್ತು ಸಾವಿರ ವರ್ಷ ಹುಳ ಆಗ್ತಾರಂತೆ. ನಮ್ ತಾತ ಆ ಕಲ್ಲಿಗೇ ಎಮ್ಮೆ ಕಟ್ತಿದ್ರು. ಜಸ್ಟ್ ಟೆಸ್ಟ್ ಡೇಟಾ, ಮೊರಿತಾ ಸಾನ್. ಸೋಮವಾರ ತೆಗೀತೀನಿ."

ಮನೆಯಿದ್ದ ನಿಶಿ ಕಸಾಯಿಗೆ ಮರಳುವ ರೈಲಿನುದ್ದಕ್ಕೂ ಹಸಿಮಣ್ಣಿನ ವಾಸನೆ ಅವನ ಬೆನ್ನು ಹತ್ತಿತು. ಮನೆಯ ಬಾಗಿಲ ಫಲಕದಲ್ಲಿ ಎರಡೇ ಹೆಸರು: ಹೆಂಡತಿ ಸಿಂಧೂರಾ, ಆರು ವರ್ಷದ ಮಗಳು ಸಾಹಿತ್ಯ. ತನ್ನ ಹೆಸರಿದ್ದ ಮೇಲಿನ ಸಾಲು ಬೋಳು. ಸವರಿದರೆ ಬೆರಳಿಗೆ ಮಣ್ಣಿನ ಹುಡಿ. ಕೀಲಿ ತಿರುಗಲಿಲ್ಲ. ಮಗಳನ್ನು ಕರೆದ. ಪುಟ್ಟ ಹೆಜ್ಜೆಗಳು ಓಡಿಬಂದು ಬಾಗಿಲ ಹಿಂದೆ ನಿಂತವು.

"ದಾರೆ?"

ಯಾರು ಎಂದು, ಅಪರಿಚಿತನನ್ನು ಕೇಳುವ ಜಪಾನಿ ದನಿಯಲ್ಲಿ.

ಅವನು ಮೊರಿತಾಗೆ ಫೋನ್ ಹಚ್ಚಿ ಗೋಗರೆದ. ಅರಸನ ಹೆಸರು ಹಾಕಿಬಿಡಿ, ಈಗಲೇ. ಆ ತುದಿಯಲ್ಲಿ ಕೀಲಿಮಣೆಯ ಸದ್ದು. ಫಲಕದ ಮೇಲೆ 'ಗಿ' ಮೂಡಿತು. 'ರಿ'. 'ಧ'. 'ರ್'. ಬದುಕಿದೆ ಎಂದುಕೊಂಡ. ಆದರೆ ಶಾಪದಲ್ಲಿ ಸಂತಾನದ ಮಾತೂ ಇತ್ತು. ಫಲಕದ ಕೊನೆಯ ಸಾಲು, ಮಗಳ ಹೆಸರು, ಮಸುಕಾಯಿತು. 'ಸಾ' ಹೋಯಿತು. 'ಹಿ' ಹೋಯಿತು. ಅಂಗೈ ಒತ್ತಿ ಹಿಡಿದ. ಬೆರಳ ಸಂದಿಯಿಂದ ಹುಡಿ ಉದುರಿತು. ಒಳಗೆ ಸದ್ದಿಲ್ಲ.

ಬಾಗಿಲು ತೆರೆದವಳು ಸಿಂಧೂರಾ. ಹೊಸ್ತಿಲ ಪಕ್ಕ ಪುಟ್ಟ ಕೆಂಪು ಬೂಟುಗಳಿದ್ದ ಜಾಗ ಖಾಲಿ.

"ಸಾಹಿತ್ಯ ಎಲ್ಲಿ?"

"ಯಾರೋ ಅದು, ಗಿರಿ? ನಿಮ್ ಆಫೀಸವರಾ?"

ಅಂದಿನಿಂದ ಅವನು ಒಂದು ನೋಟುಬುಕ್ಕಿನಲ್ಲಿ ಮಗಳನ್ನು ಬರೆದಿಡುತ್ತಿದ್ದಾನೆ. ಬಿದ್ದ ಮುಂದಿನ ಹಲ್ಲು, ನಿದ್ದೆಗಣ್ಣಲ್ಲಿ ಬೆರೆಸುತ್ತಿದ್ದ ಎರಡು ಭಾಷೆ, ಎಡಗಾಲಿನ ಮಚ್ಚೆ. ಮೊನ್ನೆ ಸಿಂಧೂರಾ ಅದರ ಮೊದಲ ಪುಟ ತೆರೆದು ಅಲ್ಲಿದ್ದ ಹೆಸರನ್ನು ಓದಿದಳು.

"ಮುದ್ದಾದ ಹೆಸರು ಕಣೋ," ಎಂದಳು. "ನಮಗೊಬ್ಬಳು ಮಗಳು ಹುಟ್ಟಿದ್ದಿದ್ರೆ ಇದನ್ನೇ ಇಡಬಹುದಿತ್ತು."