ಮಂಗಳವಾರದ ಕೆಮ್ಮು

ಇಂಗ್ಲೆಂಡಿನ ಲೆಸ್ಟರಿನ ನಮ್ಮ ಬೀದಿಯಲ್ಲಿ ಮೂರು ಔಷಧಿ ಅಂಗಡಿಗಳಿವೆ. ಆದರೂ ಪ್ರತಿ ತಿಂಗಳ ಮೊದಲ ಮಂಗಳವಾರ ನಾನು ಬಸ್ಸು ಹತ್ತಿ ಪಕ್ಕದ ಊರಾದ ಲಫ್‌ಬರೋಗೆ ಹೋಗುತ್ತಿದ್ದೆ. ನಮ್ಮ ಬೀದಿಯ ಅಂಗಡಿಗಳಲ್ಲಿ ಸಾಲು ನಿಲ್ಲುವವರೆಲ್ಲ ನಮ್ಮ ಗುಜರಾತಿಗಳೇ. ಯಾರ ಕೈಯಲ್ಲಿ ಯಾವ ಡಬ್ಬಿ ಎಂಬುದು ಸಂಜೆಯ ಆರತಿಗೆ ಮೊದಲೇ ಮಂದಿರ ಮುಟ್ಟಿರುತ್ತದೆ.

ಒಂದು ಮಂಗಳವಾರ ಅಲ್ಲಿನ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಪೊಟ್ಟಣ ತೆಗೆದುಕೊಂಡು ತಿರುಗಿದರು. ಜಶುಮತಿಬೆನ್! ಮಂದಿರದಲ್ಲಿ ಕೃಷ್ಣನಿಗೆ, ನಮ್ಮ ಠಾಕೋರ್‌ಜಿಗೆ, ನೈವೇದ್ಯದ ಅಡುಗೆ ಮಾಡುವವರು. ನಾನು ಅಲ್ಲಿಯೇ ಆರತಿಯ ತಟ್ಟೆ ಹಿಡಿಯುವವನು. ‘ಜೈ ಶ್ರೀಕೃಷ್ಣ’ ಬಿಟ್ಟರೆ ನಮ್ಮೊಳಗೆ ಬೇರೆ ಮಾತು ನಡೆದಿರಲಿಲ್ಲ.

“ಜೈ ಶ್ರೀಕೃಷ್ಣ, ಪ್ರಭುದಾಸಭಾಯಿ. ನಾದಿನಿಗೆ ಮಂಡಿನೋವು,” ಎಂದರು, ನಾನು ಏನೂ ಕೇಳದಿದ್ದರೂ.

“ನನಗೆ ಕೆಮ್ಮು,” ಎಂದೆ, ಅವರೂ ಏನೂ ಕೇಳಿರಲಿಲ್ಲ.

ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ತುಟಿಯ ಒಂದು ಮೂಲೆ ಮಾತ್ರ ಮೇಲೆದ್ದು, ಮತ್ತೆ ತನ್ನ ಜಾಗಕ್ಕೆ ಇಳಿಯಿತು.

ಮುಂದಿನ ತಿಂಗಳು ಬಸ್ಸಿನಲ್ಲಿ ಅವರೇ ಪಕ್ಕದ ಸೀಟಿನ ಚೀಲ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮೆಂತ್ಯದ ರೊಟ್ಟಿ, ಥೇಪ್ಲಾ, ಸುತ್ತಿದ ಕಾಗದ ಬಿಚ್ಚಿ ಮುಂದೆ ಹಿಡಿದರು.

“ಕೆಮ್ಮು ಹೇಗಿದೆ?”

“ಪರವಾಗಿಲ್ಲ. ನಿಮ್ಮ ನಾದಿನಿ ಮಂಡಿ?”

“ಅವಳು ಆಫ್ರಿಕಾದ ಕಂಪಾಲಾದಲ್ಲೇ ತೀರ್ಕೊಂಡಳು ಭಾಯಿ, ನಾವು ಇಲ್ಲಿಗೆ ಬರೋಕೂ ಮುಂಚೆ.”

ನಾನು ನಕ್ಕುಬಿಟ್ಟೆ. ನನ್ನ ಹೆಂಡತಿ ಲಾಭು ತೀರಿಕೊಂಡ ಮೇಲೆ ನನ್ನ ಬಾಯಿಂದ ಅಂಥ ಸದ್ದು ಬಂದಿರಲಿಲ್ಲ. ಅವರು ನಗಲಿಲ್ಲ, ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದ ಬೋಳು ಹೊಲಗಳನ್ನು ನೋಡುತ್ತ ಹೇಳಿದರು:

“ಮಾತ್ರೆ ನಂದೇ. ಮನಸ್ಸಿಗೆ. ಮಗಳು ಬೀನಾ ಹುಟ್ಟಿದಾಗಿನಿಂದ ತಗೋತಿದ್ದೀನಿ. ನಮ್ಮವರು ಇರೋ ತನಕ ಎಲ್ಲರಿಗೂ ತಲೆನೋವು ಅಂತ ಹೇಳ್ಕೊಂಡು ಬಂದ್ರು. ಈಗ ನೀವು ಹೇಳಿ.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಲಾಭು ತೀರಿಕೊಂಡ ವರ್ಷ ಕಾಲುವೆಯ ದಂಡೆಯಲ್ಲಿ ಚಪ್ಪಲಿ ಬಿಚ್ಚಿಟ್ಟು ನಿಂತವನು ನಾನು. ಅಂದಿನಿಂದ ಆರು ವರ್ಷ ಮಾತ್ರೆ ನುಂಗಿಯೇ ಬೆಳಗಿನ ದೀಪ ಹಚ್ಚುತ್ತಿದ್ದೆ. ಆದರೆ ಮೊಮ್ಮಗಳು ಕೃಪಾಳ ಮದುವೆಯ ಬಯೋಡೇಟಾ ಎಂಟು ಮನೆಗಳಿಗೆ ಹೋಗಿತ್ತು. ‘ವಂಶದಲ್ಲಿ ಯಾವ ಕಾಯಿಲೆಯೂ ಇಲ್ಲ’ ಎಂಬ ಸಾಲನ್ನು ಅದರಲ್ಲಿ ಬರೆದವನು ನಾನೇ.

“ಕೆಮ್ಮೇ,” ಎಂದೆ.

“ಭಜನೇಲಿ ಎರಡು ಗಂಟೆ ಹಾಡ್ತೀರಿ, ಒಂದ್ಸಲಾನೂ ಕೆಮ್ಮಲ್ಲ. ಬಹಳ ಶಿಸ್ತಿನ ಕೆಮ್ಮು ನಿಮ್ಮದು,” ಎಂದು ಇನ್ನೊಂದು ಥೇಪ್ಲಾ ಇಟ್ಟರು.

ಅರವತ್ತೆಂಟು ವರ್ಷದವನು ಒಂದು ಮಂಗಳವಾರಕ್ಕಾಗಿ ತಿಂಗಳಿಡೀ ಕಾಯುವುದುಂಟೇ? ಕಾಯುತ್ತಿದ್ದೆ. ಸೋಮವಾರವೇ ಅಂಗಿಗೆ ಇಸ್ತ್ರಿ ಮಾಡಿಡುತ್ತಿದ್ದೆ. ಅವರ ಕೂದಲಿನ ತೆಂಗಿನೆಣ್ಣೆಯ ವಾಸನೆ, ಥೇಪ್ಲಾ ಮುರಿಯುವಾಗ ಬಿಳಿಚುತ್ತಿದ್ದ ಬೆರಳ ತುದಿ, ಎಲ್ಲವೂ ನನ್ನ ಜಪದ ನಡುವೆ ನುಗ್ಗುತ್ತಿದ್ದವು. ಭಗವಂತನಲ್ಲಿ ಕ್ಷಮೆ ಕೇಳಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ.

ಶ್ರಾವಣ ಬಂತು. ಮಂದಿರದಲ್ಲಿ ಠಾಕೋರ್‌ಜಿಯ ಉಯ್ಯಾಲೆಗೆ ದಿನಕ್ಕೊಂದು ಅಲಂಕಾರ. ಅಂದು ತರಕಾರಿಯದು. ಜಶುಮತಿಬೆನ್ ಬೆಂಡೆಕಾಯಿ ಪೋಣಿಸಲು ದಾರಕ್ಕೆಂದು ಚೀಲಕ್ಕೆ ಕೈ ಹಾಕಿದಾಗ ಮಾತ್ರೆಯ ಡಬ್ಬಿ ಉರುಳಿ ಬಿತ್ತು. ಸಮಿತಿಯ ಮುಕ್ತಾಬೆನ್ ಅದನ್ನು ಎತ್ತಿಕೊಂಡು ನರ್ಸ್ ಆಗಿದ್ದ ಸೊಸೆಗೆ ತೋರಿಸಿದರು. ಇಬ್ಬರೂ ಪಿಸುಗುಟ್ಟಿಕೊಂಡರು.

“ತಪ್ಪು ತಿಳ್ಕೋಬೇಡಿ ಬೆನ್,” ಎಂದರು ಮುಕ್ತಾಬೆನ್, ಅವರ ಹಿಂದೆಯೇ ಅಡುಗೆಮನೆಗೆ ಬಂದು. “ಠಾಕೋರ್‌ಜಿ ಕೆಲಸ ಇದು. ತಲೆ ಸರಿ ಇಲ್ದೋರು ಮಾಡಬಾರದು. ನೀವು ಹಾಲ್‌ನಲ್ಲಿ ಆರಾಮಾಗಿ ಕೂತ್ಕೊಳ್ಳಿ.”

“ಹನ್ನೊಂದು ವರ್ಷದಿಂದ ಇದೇ ತಲೇಲೇ ಮಾಡಿದ್ದು, ಮುಕ್ತಾಬೆನ್. ಯಾವತ್ತಾದ್ರೂ ಉಪ್ಪು ಹೆಚ್ಚಾಗಿತ್ತಾ?”

ಆರತಿಯ ತಟ್ಟೆಗೆ ಬತ್ತಿ ಹೊಸೆಯುತ್ತ ನಾನು ಬಾಗಿಲಲ್ಲೇ ಇದ್ದೆ.

“ಪ್ರಭುದಾಸಕಾಕಾ, ನೀವು ಹಿರಿಯರು. ನೀವೇ ಹೇಳಿ,” ಎಂದಳು ಸೊಸೆ.

ಜಶುಮತಿಬೆನ್ ನನ್ನತ್ತ ನೋಡಿದರು. ಬೇಡಿಕೆಯಿಲ್ಲದ ನೋಟ. ಬಸ್ಸಿನಲ್ಲಿ ಚೀಲ ತೆಗೆದು ಜಾಗ ಬಿಟ್ಟಂಥ ನೋಟ.

ನಾನು ಕೆಮ್ಮಿದೆ.

ಅವರು ಏಪ್ರನ್ ಬಿಚ್ಚಿದರು. ನಾಲ್ಕು ಮಡಿಕೆ ಮಾಡಿ ಒಲೆಯ ಪಕ್ಕದಲ್ಲಿಟ್ಟು ಹೊರಟುಹೋದರು.

ಮುಂದಿನೆರಡು ತಿಂಗಳ ಮಂಗಳವಾರ ಪಕ್ಕದ ಸೀಟು ಖಾಲಿ. ಕೊನೆಗೆ ಅವರ ಮಗಳು ಬೀನಾಳಿಗೆ ಫೋನ್ ಮಾಡಿದೆ. ಮಾತ್ರೆ ಬಿಟ್ಟರೆ ಮತ್ತೆ ಅಡುಗೆಗೆ ಸೇರಿಸಿಕೊಳ್ಳುತ್ತೀರಾ ಎಂದು ಮುಕ್ತಾಬೆನ್ನರನ್ನು ಅವಳ ತಾಯಿ ಕೇಳಿದ್ದರಂತೆ. ಮುಕ್ತಾಬೆನ್ ‘ನೋಡೋಣ’ ಎಂದಿದ್ದರಂತೆ. ಆ ಒಂದು ಮಾತನ್ನು ನಂಬಿ ಜಶುಮತಿಬೆನ್ ಮಾತ್ರೆ ಬಿಟ್ಟಿದ್ದರು. ಊಟ ನಿಂತಿತು, ಸ್ನಾನ ನಿಂತಿತು, ಮಾತೂ ನಿಂತಿತು. ಈಗ ಆಸ್ಪತ್ರೆಯಲ್ಲಿದ್ದಾರೆ.

ನೋಡಲು ಹೋದೆ. ಕಿಟಕಿಯ ಬಳಿ ಕುಳಿತಿದ್ದರು. ಎಣ್ಣೆ ಕಾಣದ ಕೂದಲು. ಕೈಬೆರಳು ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇತ್ತು. ನನ್ನ ಜೇಬಿನಲ್ಲಿದ್ದ ಮಾತ್ರೆಯ ಡಬ್ಬಿಯನ್ನು ಅವರ ಮಡಿಲಲ್ಲಿಟ್ಟೆ.

“ನನಗೆ ಕೆಮ್ಮಿಲ್ಲ, ಜಶು.”

ಸೆರಗು ಮಡಿಸುತ್ತಿದ್ದ ಬೆರಳು ನಿಂತಿತು.

“ಗೊತ್ತು.”

“ನಿಮ್ಮ ಮೇಲೆ ನನಗೆ...”

“ಅದೂ ಗೊತ್ತು.” ಡಬ್ಬಿಯನ್ನು ಹಿಂದಕ್ಕೆ ತಳ್ಳಿದರು. “ಇಲ್ಲಿ ಯಾಕೆ ಹೇಳ್ತೀರಿ? ಇಲ್ಲಿ ಎಲ್ಲರೂ ಮಾತ್ರೆ ತಗೊಳ್ಳೋರೇ. ಅಡುಗೆಮನೇಲಿ ಹೇಳಬೇಕಿತ್ತು.”

ಮೊದಲು ಕೃಪಾಳಿಗೆ ಹೇಳಿದೆ. “ಬಯೋಡೇಟಾದ ಆ ಸಾಲು ಹೊಡೆದುಹಾಕಿ ದಾದಾ. ಬರೋರು ಬರ್ಲಿ,” ಎಂದಳು. ಹೇಳಿ ಪೆನ್ನು ನನ್ನ ಕೈಗಿಟ್ಟಳು, ನನ್ನ ಕಣ್ಣು ತಪ್ಪಿಸಿ. ಅದನ್ನು ನಾನು ಇನ್ನೂ ಮರೆತಿಲ್ಲ.

ದೀಪಾವಳಿ ಕಳೆದು ಅನ್ನಕೂಟದ ದಿನ ಮಂದಿರದ ಅಡುಗೆಮನೆ ತುಂಬ ಹೆಂಗಸರು, ಐವತ್ತಾರು ಬಗೆಯ ತಿಂಡಿಗಳ ನೈವೇದ್ಯ. ಒಂದು ಕೈಯಲ್ಲಿ ಆರತಿಯ ತಟ್ಟೆ ಹಿಡಿದೇ ನಾನು ಮಾತ್ರೆಯ ಡಬ್ಬಿಯನ್ನು ಲಡ್ಡುವಿನ ಪರಾತದ ಪಕ್ಕದಲ್ಲಿಟ್ಟೆ.

“ಇದು ನನ್ನದು. ಆರು ವರ್ಷದಿಂದ ತಗೋತಿದ್ದೀನಿ. ತಗೊಂಡೇ ನಿಮ್ಮೆಲ್ಲರ ಮುಂದೆ ಆರತಿ ಎತ್ತಿದ್ದೀನಿ. ಠಾಕೋರ್‌ಜಿ ಯಾವತ್ತಾದ್ರೂ ಮುಖ ತಿರುಗಿಸಿದ್ನಾ?”

ಮುಕ್ತಾಬೆನ್ ಹತ್ತಿರ ಬಂದು, ಬಹಳ ಮೃದುವಾಗಿ, ನನ್ನ ಕೈಯಿಂದ ಆರತಿಯ ತಟ್ಟೆ ತೆಗೆದುಕೊಂಡರು.

“ನೀವೂ ಸ್ವಲ್ಪ ದಿನ ರೆಸ್ಟ್ ತಗೊಳ್ಳಿ, ಭಾಯಿ.”

ಆ ವಾರವೇ ಕೃಪಾಳನ್ನು ಒಪ್ಪಿದ್ದ ಗಂಡಿನ ಮನೆಯವರು ಫೋನ್ ಎತ್ತುವುದನ್ನು ನಿಲ್ಲಿಸಿದರು.

ಡಿಸೆಂಬರಿನಲ್ಲಿ ಬೀನಾ ತಾಯಿಯನ್ನು ಕಾರ್ಡಿಫ್‌ನ ತನ್ನ ಮನೆಗೆ ಕರೆದೊಯ್ಯಲು ಬಂದಳು. ಹೊರಡುವ ಬೆಳಿಗ್ಗೆ ಜಶುಮತಿಬೆನ್ನರ ಮನೆಯ ಮುಂದೆ ನಿಂತು ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ.

“ತಟ್ಟೆ ಕಿತ್ಕೊಂಡ್ರಾ?”

“ಕಿತ್ಕೊಂಡ್ರು.”

“ಹಾಗಾದ್ರೆ ನೀವು ನಿಜವಾಗ್ಲೂ ಹೇಳಿದ್ದೀರಿ,” ಎಂದರು. ಸೊರಗಿದ ಆ ಮುಖದಲ್ಲಿ ತುಟಿಯ ಒಂದು ಮೂಲೆ ನಿಧಾನವಾಗಿ ಮೇಲೆದ್ದಿತು. ಬೀದಿಯ ಎದುರು ಮನೆಗಳ ಪರದೆಗಳು ಅಲುಗಾಡುತ್ತಿದ್ದವು. ಎಲ್ಲರೂ ನೋಡುತ್ತಿರುವಂತೆಯೇ ಅವರು ನನ್ನ ಕೈ ಹಿಡಿದರು. ಆ ಬೆರಳುಗಳು ತಣ್ಣಗಿದ್ದವು. ಬೀನಾ ಎರಡು ಸಲ ಕರೆಯುವ ತನಕ ಬಿಡಲಿಲ್ಲ.

“ಉಳಿದುಬಿಡಿ,” ಎಂದೆ.

“ಇಲ್ಲಿ ನನ್ನ ಒಲೆ ಇಲ್ಲ, ಪ್ರಭುದಾಸ. ಒಲೆ ಇಲ್ಲದ ಊರಲ್ಲಿ ನಾನೇನು ಮಾಡ್ಲಿ?”

ಕಾರು ಹೊರಟಿತು. ಹತ್ತು ಮಾರು ಹೋಗಿ ನಿಂತಿತು. ಕಿಟಕಿ ಇಳಿಯಿತು, ಬಿಳಿ ತಲೆ ಹೊರಗೆ ಬಾಗಿತು.

“ಮಫ್ಲರ್ ಸುತ್ಕೊಳ್ಳಿ!” ಎಂದು ಕೂಗಿದರು. “ಚಳಿಗೆ ಕೆಮ್ಮು ಬಂದೀತು.”