ಆಣೆ ಮಾಡಲೊಲ್ಲದವಳು

"ನಾ ಗಂಡಸಿನಂಗ ಕಾಣ್ತೀನೇನ್ರಿ ನಿಮಗ?"

ಟೈಪ್‌ರೈಟರಿನ ಮೇಲೆ ಓಡುತ್ತಿದ್ದ ತೌಹೀದನ ಬೆರಳುಗಳು ಗಕ್ಕನೆ ನಿಂತವು. ಎದುರಿಗೆ ಇಪ್ಪತ್ನಾಲ್ಕರ ಹುಡುಗಿ. ಅವಳ ಕೈಯಲ್ಲಿ ಅವನೇ ಬೆಳಿಗ್ಗೆ ಹೊಡೆದುಕೊಟ್ಟ ಅರ್ಜಿ.

"ಮಿಸ್ಟರ್ ಅಮೀರ್ ಅಂತ ಹೊಡದೀರಿ! ನಾ ಅಮೀರಾ. ಲಕ್ಷ್ಮೇಶ್ವರದ ಹೈಸ್ಕೂಲಿನಾಗ ಇಂಗ್ಲಿಷ್ ಟೀಚರ್. ಇದನ್ನ ನೋಡಿ ಕಚೇರಿಯಾಗಿದ್ದ ಮಂದಿಯೆಲ್ಲ ನಕ್ರು!"

"ತಪ್ಪಾತ್ರಿ ಟೀಚರ್... ಕುಂಡ್ರಿ. ಐದು ಮಿನಿಟಿನಾಗ ಹೊಸಾದು ಹೊಡದು ಕೊಡ್ತೀನಿ."

"ಕುಂಡ್ರಾಕ ಬಂದಿಲ್ಲ ನಾ!"

ಆದರೂ ಕುಳಿತಳು. ಬೇರೆ ದಾರಿ ಇರಲಿಲ್ಲ.

ಗದಗ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಧಾರವಾಡಕ್ಕೆ ಅಲೆಯುತ್ತಿದ್ದವರೆಲ್ಲ ಈಗ ಅರ್ಜಿ ಹಿಡಿದು ಇಲ್ಲಿಗೇ ಬರುತ್ತಿದ್ದರು. ಡೋಣಿಯ ತೌಹೀದ ಕಚೇರಿಗಳ ಎದುರು ಒಂದು ಖೋಲಿ ಹಿಡಿದು ಟೈಪಿಂಗ್ ಅಂಗಡಿ ಹಾಕಿದ್ದ. ಈ ಸಲ ಒಂದೊಂದೇ ಅಕ್ಷರ ನೋಡಿ ನೋಡಿ ಹೊಡೆದ. ಅವನ ಕಿವಿಗಳು ಕೆಂಪಾಗಿದ್ದನ್ನು ಕಂಡು ಅಮೀರಾಗೆ ನಗು ಬಂತು.

'ಪಾಪ... ಅಷ್ಟು ಬೈಬಾರದಿತ್ತು.'

ಆಮೇಲೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳು ಆಗಾಗ ಗದಗಕ್ಕೆ ಬರತೊಡಗಿದಳು. ಒಮ್ಮೆ ಅರ್ಜಿಯ ನೆಪ, ಒಮ್ಮೆ ಪ್ರಶ್ನೆಪತ್ರಿಕೆಯ ನೆಪ. ತೌಹೀದನಿಗೆ ಇಂಗ್ಲಿಷ್ ಎಂದರೆ ಆಸೆ. ಹೊಸ ಶಬ್ದ ಸಿಕ್ಕರೆ ಚೀಟಿಯಲ್ಲಿ ಬರೆದಿಟ್ಟು ಅವಳಿಗೆ ತೋರಿಸುತ್ತಿದ್ದ.

ಒಂದು ದಿನ ಚೀಟಿ ತೋರಿಸಲಿಲ್ಲ. ತಲೆ ತಗ್ಗಿಸಿ ಕೇಳಿದ.

"ಅಮೀರಾ... ನಮ್ಮ ಮನಿಯವರನ್ನ ಲಕ್ಷ್ಮೇಶ್ವರಕ್ಕ ಕಳಸ್ಲೇನು?"

ಅವಳ ಎದೆ ಹೊಡೆದುಕೊಂಡಿತು. ಮಾತು ಮಾತ್ರ ಗಟ್ಟಿಯಾಗಿಯೇ ಬಂತು. "ಜಲ್ದಿ ಕಳಸ್ರಿ. ನಮ್ಮ ಅಬ್ಬಾ ಬ್ಯಾರೆ ಕಡೆ ನೋಡಾಕತ್ತಾರ!"

ಮರುದಿನವೇ ತೌಹೀದ ಡೋಣಿಗೆ ಹೋಗಿ ತಾಯಿ ಹಸೀನಾಬಿಯ ಮುಂದೆ ಹೇಳಿದ. ಅಲ್ಲಿ ಅವನ ಸೋದರಮಾವ ಮಕ್ತುಮಸಾಬನೂ ಇದ್ದ. ತನ್ನ ಮಗಳನ್ನೇ ಇವನಿಗೆ ಕೊಡಬೇಕೆಂದು ಆತ ಮನಸ್ಸಿನಲ್ಲಿಟ್ಟುಕೊಂಡಿದ್ದ.

"ಅಂಥಾದ್ದೇನು ಕಂಡಿಲೇ ಆ ಹುಡುಗ್ಯಾಗ?"

ತೌಹೀದ ಖುಷಿಯಲ್ಲಿ ತೇಲುತ್ತಿದ್ದ. "ಏನು ಹೇಳ್ಲಿ ಮಾಮು! ನನ್ನನ್ನ ಬಿವಿಚ್ ಮಾಡ್ಯಾಳ!"

ಮಕ್ತುಮಸಾಬ ಆ ಶಬ್ದ ಮರೆಯಲಿಲ್ಲ. ಓದಿದವರೊಬ್ಬರನ್ನು ಕೇಳಿದ. ಅವರು ನಿಘಂಟು ನೋಡಿ ಮೊದಲ ಅರ್ಥ ಓದಿದರು... ಮಾಟ ಮಾಡು.

"ಕೇಳಿದೇನವ್ವ ತಂಗಿ? ನಿನ್ನ ಮಗಾ ತನ್ನ ಬಾಯಿಲೇ ಒಪ್ಕೊಂಡಾನ!"

ಹೆಣ್ಣು ಕೇಳಲು ಯಾರೂ ಲಕ್ಷ್ಮೇಶ್ವರಕ್ಕೆ ಬರಲಿಲ್ಲ. ಟೀಚರ್ ಅವನನ್ನು 'ಬಿವಿಚ್' ಮಾಡಿದ್ದಾಳಂತೆ, ಅಂದರೆ ಮಾಟವಂತೆ ಎಂಬ ಸುದ್ದಿ ಬಂತು!

ಪಕ್ಕದ ಮನೆಯ ಮೋತಿಬಿ ಅಮೀರಾಳನ್ನು ಕಂಡರೆ ಮೊಮ್ಮಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳತೊಡಗಿದಳು. ಸಂಜೆ ಅವಳ ಮನೆಗೆ ಪಾಠಕ್ಕೆ ಬರುತ್ತಿದ್ದ ಒಂಬತ್ತು ಹುಡುಗಿಯರಲ್ಲಿ ಏಳು ಮಂದಿ ಬಿಟ್ಟರು. ಉಳಿದಿಬ್ಬರ ಕೊರಳಲ್ಲಿ ಹೊಸ ಕರಿದಾರ ಕಂಡಿತು.

ಭಾನುವಾರ ತೌಹೀದ ಓಡೋಡಿ ಬಂದ. ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಒಂದೇ ಉಸಿರಿಗೆ ಹೇಳಿದ.

"ಅವ್ವ ಒಪ್ಪ್ಯಾಳ, ಅಮೀರಾ! ಆದ್ರ ಒಂದು ಮಾತು... ದರ್ಗಾದಾಗ ನಿಂತು 'ನಾ ಮಾಟ ಮಾಡಿಲ್ಲ' ಅಂತ ಒಂದು ಆಣಿ ಮಾಡಿಬಿಡು. ಎಲ್ಲಾ ಮುಗೀತೈತಿ."

ಅಮೀರಾ ಅವನನ್ನೇ ನೋಡಿದಳು. "ಆ 'ಬಿವಿಚ್' ಅನ್ನೋ ಮಾತು ಯಾರು ಅಂದಿದ್ದು?"

"ನಾನು... ಮಜಾಕಿಗೆ..."

"ಆ ಶಬ್ದದ ಹುಟ್ಟು ಗೊತ್ತೇನು ನಿಮಗ? ವಿಚ್ ಅಂದ್ರ ಮಾಟಗಾತಿ. ಅದರ ಮುಂದ 'ಬಿ' ಹಚ್ಚಿದ್ರ ಮಾಟದಾಗ ಸಿಗಿಸೋದು. ಎಂಟುನೂರು ವರ್ಷದ ಹಳೇ ಮಾತು. ಮನಸು ಸೆಳಿಯೋದು ಅನ್ನೋ ಅರ್ಥ ಆಮ್ಯಾಲ ಬಂದಿದ್ದು. ಇಂಗ್ಲೆಂಡಿನಾಗ ಪ್ರೀತಿ ಮಾಡಾವರು ಆ ಮಾತು ಆಡ್ತಿದ್ರು. ಅದೇ ಕಾಲಕ್ಕ ಕೋರ್ಟಿನಾಗ ಅದೇ ಮಾತು ಬರದು ಹೆಣ್ಮಕ್ಕಳನ್ನ ಗಲ್ಲಿಗೆ ಹಾಕ್ತಿದ್ರು!"

ತೌಹೀದನ ಮುಖ ಬಿಳಿಚಿತು.

"ಮಾತು ನಿಮ್ಮದು, ಆಣಿ ನಂದೇನು? ಮಾಡೂದಿಲ್ಲ. ದರ್ಗಾದಾಗೂ ಮಾಡೂದಿಲ್ಲ, ಮನ್ಯಾಗೂ ಮಾಡೂದಿಲ್ಲ!"

"ನಮ್ಮ ಮದುವಿ ಸಲುವಾಗಿನೂ?"

"ಮದುವಿ ಸಲುವಾಗಿನೂ!"

ಅವನು ಸೋತ ಹೆಜ್ಜೆ ಇಡುತ್ತ ಹೊರಟುಹೋದ. 'ನನ್ನನ್ನೇ ಬ್ಯಾಡ ಅಂದ್ಲು' ಎಂದು ಅವನು ತಿಳಿದ. 'ಇವರಿಗೂ ನನ್ನ ಮ್ಯಾಲ ಸಂಶಯ' ಎಂದು ಅವಳು ತಿಳಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು...

ಹತ್ತು ದಿನ ಅವನ ಸುದ್ದಿಯಿಲ್ಲ. ಹನ್ನೊಂದನೇ ದಿನ ಶಾಲೆಗೆ ರಜೆ ಹಾಕಿ, ಗದಗದಲ್ಲಿ ಬಸ್ ಬದಲಿಸಿ, ಅಮೀರಾ ಡೋಣಿಯಲ್ಲಿ ಇಳಿದಳು. ದೂರದಲ್ಲಿ ಕಪ್ಪತಗುಡ್ಡ ಬಿಸಿಲಿಗೆ ಮಸುಕಾಗಿತ್ತು. ಮನೆ ಕೇಳಿಕೊಂಡು ಹೋದಳು. ಯಾರು ಬೇಕು ಎಂದವರಿಗೆಲ್ಲ ತೌಹೀದನ ಹೆಸರು ಹೇಳಿದಳು. ಹಿಂದೆ ನಾಲ್ಕಾರು ಮಂದಿ ಬಂದರು.

ಹಸೀನಾಬಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮಕ್ತುಮಸಾಬ ಹೊರಸಿನ ಮೇಲೆ ಕುಳಿತಿದ್ದ.

"ಸಲಾಂ ಅಲೈಕುಮ್. ನಾ ಅಮೀರಾ. ನೀವು ಮಾಟಗಾತಿ ಅಂತೀರಲ್ಲ, ಅಕಿ. ಮಾರಿ ನೋಡ್ಕೊಂಡು ಅನ್ರಿ ಅಂತ ಬಂದೀನಿ."

"ಆಣಿ ಮಾಡಾಕ ಬಂದಿ ಏನು?" ಮಕ್ತುಮಸಾಬ ಎದ್ದು ನಿಂತ.

"ಇಲ್ರಿ. ಮಾಡೂದಿಲ್ಲ ಅಂತ ಹೇಳಾಕ ಬಂದೀನಿ. ಮಾಡದ ತಪ್ಪಿಗೆ ಆಣಿ ಮಾಡಿದ್ರ ನಾಳೆ ನಿಮ್ಮ ಎಮ್ಮಿ ಹಾಲು ಕೊಡಲಿಲ್ಲ ಅಂದ್ರೂ ನನ್ನ ಕಡೆನ ಬರ್ತೀರಿ!"

ಅಂಗಡಿ ಮುಚ್ಚಿ ಮನೆ ಹಿಡಿದಿದ್ದ ತೌಹೀದ ಒಳಗಿನಿಂದ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಬಾಡಿದ್ದವು. ಅವಳನ್ನು ಕಂಡು ಕಂಬ ಹಿಡಿದು ನಿಂತ. ಆಮೇಲೆ ನೆಟ್ಟಗೆ ನಡೆದು ಬಂದು ಅವಳ ಪಕ್ಕದಲ್ಲಿ ನಿಂತುಕೊಂಡ.

"ಮಾಮು, ಆ ಮಾತು ನನ್ನ ಬಾಯಿಂದ ಬಂದಿದ್ದು. ಆಣಿ ಬೇಕಂದ್ರ ನಾ ಮಾಡ್ತೀನಿ. ಇಕಿ ನನಗ ಏನೂ ಮಾಡಿಲ್ಲ." ತಾಯಿಯ ಕಡೆ ತಿರುಗಿದ. "ಇಕಿನ್ನ ಆಣಿ ಕೇಳಿದೆನಲ್ಲ... ಅದು ನಾ ಮಾಡಿದ ಎರಡನೇ ತಪ್ಪು."

ಮಕ್ತುಮಸಾಬ ಏನೋ ಹೇಳಹೊರಟ. ಹಸೀನಾಬಿ ಕೈ ಎತ್ತಿ ತಡೆದಳು.

"ಸುಮ್ನಿರಣ್ಣ."

ಅವಳ ಮಡಿಲಿನಿಂದ ಶೇಂಗಾ ನೆಲಕ್ಕೆ ಉರುಳಿದವು. ಆಯ್ದುಕೊಳ್ಳಲಿಲ್ಲ.

"ನಾ ಈ ಮನಿಗೆ ಬಂದ ಆರು ತಿಂಗಳಿಗೆ ನಮ್ಮ ಮಾವ ತೀರಿಕೊಂಡ್ರು. ಆವಾಗ ನನಗೂ ಇದ ಹೆಸರಿಟ್ಟಿದ್ರು. ನಾ ಆಣಿ ಮಾಡಿದೆ, ಬೇಟಿ. ಊರ ಮುಂದ ನಿಂತು ಮಾಡಿದೆ..." ಕಣ್ಣೊರೆಸಿಕೊಂಡಳು. "ಮಾಡಿದ ಮ್ಯಾಲೂ ಒಬ್ರೂ ನಂಬಲಿಲ್ಲ. ನೀ ಮಾಡಬ್ಯಾಡ."

ಅಮೀರಾಳ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕುಕ್ಕರಗಾಲಲ್ಲಿ ಕುಳಿತು ಆ ಒರಟು ಕೈ ಹಿಡಿದುಕೊಂಡಳು, ಪಕ್ಕದ ಮನೆಯ ಮೋತಿಬಿ ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದನ್ನೂ ಹೇಳಿಕೊಂಡಳು.

"ಶುಕ್ರವಾರ ಬರ್ತೀನಿ ನಿಮ್ಮ ಮನಿಗೆ," ಎಂದಳು ಹಸೀನಾಬಿ. "ಮೊದಲು ಆ ನಿಮ್ಮ ಬಾಜೂಕಿನ ಮೋತಿಬಿ ಮನಿಗೆ ಹೋಗಿ, ಇಕಿ ನನ್ನ ಸೊಸಿ ಅಂತ ಹೇಳಿ ಬರ್ತೀನಿ."

"ಸಾಲಿ ಬಿಡೂದಿಲ್ಲ ನಾ," ಅಮೀರಾ ಅಲ್ಲೇ ಹೇಳಿಬಿಟ್ಟಳು.

"ಬಿಡು ಅಂದವರ್ಯಾರು?"

ತೌಹೀದ ಬಸ್ ನಿಲ್ದಾಣದವರೆಗೆ ಬಂದ. ಅಲ್ಲಿ ನಿಂತ ಮೇಲೆ ಅವನೇ ಶುರುಮಾಡಿದ.

"ಅಮೀರಾ... ನನಗ ಯಾರೂ ಏನೂ ಮಾಡಿಲ್ಲ. ನಾನ ನಿನ್ನ ನೋಡಿದೆ. ನಾನ ಇಷ್ಟಪಟ್ಟೆ. ಪೂರಾ ಎಚ್ಚರದಾಗ ಇದ್ದು ಇಷ್ಟಪಟ್ಟೀನಿ. ಅದರ ಜವಾಬ್ದಾರಿ ನಂದು."

ಅಮೀರಾಳ ಕಣ್ಣು ತುಂಬಿ ಬಂದವು. "ಮದಲನ ಹಿಂಗ ಕನ್ನಡದಾಗ ಹೇಳಾಕ ಏನಾಗಿತ್ರಿ ನಿಮಗ?"

"ನಾಚಿಕಿ ಆಗಿತ್ತು..."

"ಈಗ?"

"ಈಗೂ ಆಗಾಕತ್ತೈತಿ."

ಅವಳು ನಕ್ಕಳು. ಅಳುತ್ತಲೇ ನಕ್ಕಳು.

"ಇನ್ನೊಮ್ಮೆ ಹೇಳ್ರಿ."

"ಬಸ್ ಬಂತು, ಅಮೀರಾ!"

"ಹೋಗ್ಲಿ ಬಿಡ್ರಿ. ಹಿಂದ ಇನ್ನೊಂದು ಐತಿ."