ಚಿಕ್ಕಮ್ಮನ ಪೀರಿಯಡ್

“ಸ್ಟೂಲ್ ಗಟ್ಟಿಯಾಗಿ ಹಿಡ್ಕೊಳ್ಳೇ ಗುಬ್ಬಿ! ನಾನು ಬಿದ್ದು ಸೊಂಟ ಮುರ್ಕೊಂಡ್ರೆ ನೀನೇ ಹೊತ್ಕೊಂಡು ಹೋಗ್ಬೇಕು,” ಎಂದಳು ಚಿಕ್ಕಮ್ಮ ಮೇಲಿನಿಂದ.

ಗುಬ್ಬಿ ಎರಡೂ ಕೈಯಲ್ಲಿ ಸ್ಟೂಲ್ ಹಿಡಿದಳು. ಚಿಕ್ಕಮ್ಮ ಗೋಡೆಯಿಂದ ಮಕ್ಕಳ ಚಿತ್ರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಟೇಪಿನ ಜೊತೆ ಗೋಡೆಯ ಸುಣ್ಣವೂ ಕಿತ್ತು ಬರುತ್ತಿತ್ತು. ಪ್ಯೂನ್ ಅಂಕಲ್ ಹೊಸ ಚಾರ್ಟುಗಳ ಸುರುಳಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಸೋಮವಾರದಿಂದ ಇದು ಫ್ರೆಂಚ್ ರೂಮು.

“ಚಿಕ್ಕಮ್ಮಾ, ಇನ್ಮೇಲೆ ನಿನ್ನ ಡ್ರಾಯಿಂಗ್ ಕ್ಲಾಸ್ ಯಾವ ರೂಮಲ್ಲಿ?”

“ಸ್ಕೂಲಲ್ಲಿ ಮಿಸ್ ಅನ್ಬೇಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ?” ಎಂದು ಚಿಕ್ಕಮ್ಮ ನಕ್ಕಳು. ಆಮೇಲೆ ಅವಳ ದನಿ ಸಣ್ಣದಾಯಿತು. “ಹೋಗ್ಲಿ ಬಿಡು, ಚಿಕ್ಕಮ್ಮ ಅಂತಲೇ ಅನ್ನು. ನಂಗೆ ಯಾವ ರೂಮೂ ಇಲ್ಲ ಕಣೇ. ಇವತ್ತೇ ಕೊನೇ ದಿನ.”

ಗುಬ್ಬಿ ಸ್ಟೂಲನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

ಹೋದ ತಿಂಗಳು ಹೆಡ್ ಮಿಸ್ ಅವಳ ಕ್ಲಾಸಿಗೆ ಬಂದಿದ್ದರು. “ಫ್ರೆಂಚ್ ಯಾರಿಗೆ ಬೇಕು?” ಅಂದಾಗ ಇಡೀ ಕ್ಲಾಸೇ ಕೈ ಎತ್ತಿತ್ತು. “ಹಾಗಾದ್ರೆ ಯಾವ ಪೀರಿಯಡ್ ಬಿಡೋಣ?” ಅಂದಾಗ ಮಾತ್ರ ಎಲ್ಲರೂ ಗಪ್‌ಚುಪ್. ಆಟದ ಪೀರಿಯಡ್ ಬಿಡೋಕೆ ಯಾರಿಗೆ ತಾನೇ ಮನಸ್ಸು? ಆಗ ಗುಬ್ಬಿಯೇ ಎದ್ದು ನಿಂತು, “ಡ್ರಾಯಿಂಗ್ ತೆಗೀರಿ ಮಿಸ್! ಅದನ್ನ ನಾನು ಮನೇಲೇ ಚಿಕ್ಕಮ್ಮನ ಹತ್ರ ಕಲಿತೀನಿ,” ಅಂದುಬಿಟ್ಟಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಪೀರಿಯಡ್ ಹೋದರೆ ಮಿಸ್ಸೂ ಹೋಗಬೇಕು ಅಂತ ನಮ್ಮ ಪೆದ್ದಿಗೆ ಹೊಳೆದೇ ಇರಲಿಲ್ಲ.

“ಚಿಕ್ಕಮ್ಮಾ... ಡ್ರಾಯಿಂಗ್ ತೆಗೀರಿ ಅಂತ ನಾನೇ ಹೇಳಿದ್ದು,” ಎಂದಳು ಗುಬ್ಬಿ.

“ಗೊತ್ತು. ಹೆಡ್ ಮಿಸ್ ಅವತ್ತೇ ಹೇಳಿದ್ರು.” ಚಿಕ್ಕಮ್ಮ ಸ್ಟೂಲಿನಿಂದ ಇಳಿದಳು. “ನಿಮ್ಮಮ್ಮನ ಹತ್ರ ಎಲ್ಲಾ ಸ್ಕೂಲ್ ಕಮಿಟಿಯವರದ್ದೇ ಕೆಲಸ ಅಂದಿದ್ದೀನಿ. ಗೊತ್ತಾದ್ರೆ ನಿನ್ನ ಚರ್ಮ ಸುಲೀತಾಳೆ.”

ಗುಬ್ಬಿ ಬಿಕ್ಕಿದಳು.

“ಅಳ್ಬೇಡ್ವೇ. ಹೆಡ್ ಮಿಸ್ ಪಾಪ, ನನ್ನ ಉಳಿಸ್ಕೊಳ್ಳೋಕೆ ಕಮಿಟಿಯವರ ಕೈಕಾಲು ಹಿಡಿದ್ರಂತೆ. ಇಷ್ಟು ವರ್ಷ ದುಡಿದಿದ್ದಕ್ಕೆ ನನ್ನ ಪರವಾಗಿ ಒಬ್ರಾದ್ರೂ ಮಾತಾಡಿದ್ರಲ್ಲ, ನಂಗೆ ಅಷ್ಟೇ ಸಾಕು.”

ಗುಬ್ಬಿಗೆ ಅಷ್ಟು ಸಾಕಾಗಲಿಲ್ಲ. ಕಣ್ಣೊರೆಸಿಕೊಂಡು ಒಂದೇ ಓಟಕ್ಕೆ ಆಫೀಸಿಗೆ ಹೋದಳು.

“ಮಿಸ್, ನಾನು ತಪ್ಪು ಹೇಳ್ಬಿಟ್ಟೆ! ಡ್ರಾಯಿಂಗ್ ಇರ್ಲಿ ಮಿಸ್. ಬೇಕಾದ್ರೆ ಆಟ ತೆಗೀರಿ. ಫ್ರೆಂಚೇ ಬೇಡ!”

ಹೆಡ್ ಮಿಸ್ ಟೈಮ್‌ಟೇಬಲ್‌ನಿಂದ ತಲೆ ಎತ್ತಿದರು. “ಅಯ್ಯೋ ಹುಚ್ಚುಹುಡುಗಿ, ನೀನು ಹೇಳಿದ್ದಕ್ಕಲ್ಲಮ್ಮ. ಡ್ರಾಯಿಂಗ್ ಬೇಡ ಅಂತ ಬೇಸಿಗೆ ರಜದಲ್ಲೇ ನಾನೇ ಕಮಿಟಿಗೆ ಹೇಳಿಯಾಗಿತ್ತು. ಸುಮ್ನೆ ನಿಮ್ಮನ್ನೂ ಒಂದು ಮಾತು ಕೇಳಿದೆ, ಅಷ್ಟೆ. ಹೋಗು, ಮುಖ ತೊಳ್ಕೋ.”

ಅಬ್ಬಾ! ತಪ್ಪು ತನ್ನದಲ್ಲ! ಗುಬ್ಬಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲು ಇಳಿಯುತ್ತಿದ್ದಂತೆ ಮಾತ್ರ ಮೈಯೆಲ್ಲ ಉರಿಯಿತು. ಎಲ್ಲ ಮೊದಲೇ ಮುಗಿದಿದ್ದರೆ ನಮ್ಮನ್ನು ಕೇಳಿದ್ದು ಯಾಕೆ? ಚಿಕ್ಕಮ್ಮನಿಗೆ ನನ್ನ ಹೆಸರು ಹೇಳಿದ್ದು ಯಾಕೆ? ದೊಡ್ಡವರೂ ಹೀಗೆ ಸುಳ್ಳು ಹೇಳ್ತಾರಾ? ಈಗಲೇ ಎಲ್ಲವನ್ನೂ ಚಿಕ್ಕಮ್ಮನಿಗೆ ಹೇಳಿಬಿಡಬೇಕು ಎಂದು ಅವಳು ಓಡಿದಳು.

ಚಿಕ್ಕಮ್ಮ ಚಿತ್ರಗಳ ಕಟ್ಟು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು.

“ಎಲ್ಲಿ ಮಾಯವಾಗಿದ್ಯೇ?”

“ಹೆಡ್ ಮಿಸ್ ಹತ್ರ.”

“ಹೌದಾ? ನನ್ನ ಬಗ್ಗೆ ಏನಾದ್ರೂ ಅಂದ್ರಾ?” ಚಿಕ್ಕಮ್ಮನ ಮುಖ ಇಷ್ಟೇ ಇಷ್ಟು ಅರಳಿತು.

ಮಾತು ಗುಬ್ಬಿಯ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಆ ಮುಖವನ್ನೇ ನೋಡಿದಳು.

“ನೀನು ಹೋಗ್ತಿದ್ದೀಯ ಅಂತ ತುಂಬಾ ಬೇಜಾರು ಮಾಡ್ಕೊಂಡ್ರು,” ಎಂದಳು.

“ನಾನು ಹೇಳ್ಲಿಲ್ವಾ?” ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ದೊಡ್ಡ ಮನಸ್ಸು ಕಣೇ ಅವರದ್ದು.”

“ಹೂಂ,” ಎಂದಳು ಗುಬ್ಬಿ. ಚಿತ್ರಗಳ ಕಟ್ಟನ್ನು ಚಿಕ್ಕಮ್ಮನ ಕೈಯಿಂದ ತೆಗೆದುಕೊಂಡು, ಅವಳಿಗೆ ತನ್ನ ಮುಖ ಕಾಣದಂತೆ ಮುಂದೆ ಮುಂದೆ ನಡೆದಳು.